ದೈವಸ್ಥರ ಕಟ್ಟೆ, ಕೋರ್ಟಿನ ಮೆಟ್ಟಿಲು

ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ಅಣ್ಣತಮ್ಮಂದಿರು ಹೊಲದ ಬದುವಿಗೆ ಜಗಳವಾಡಿದರೆ ಮೊದಲು ಕೂಡುವವರು ಊರ ಹಿರಿಯರಾದ ದೈವಸ್ಥರು. ಅಲ್ಲಿ ಬಗೆಹರಿಯದಿದ್ದರೆ? ಕೆಲವರು ಠಾಣೆಗೆ, ಕೆಲವರು ಕೋರ್ಟಿಗೆ, ತರಳಬಾಳು ಮಠದ ಭಕ್ತರು ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಗೆ.

ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ‘ಸದ್ಧರ್ಮ ನ್ಯಾಯಪೀಠ’ ನಡೆಯುತ್ತದೆ. ಅರ್ಜಿ ಕೊಟ್ಟರೆ ಎದುರು ಪಕ್ಷಕ್ಕೂ ಕರೆ ಹೋಗುತ್ತದೆ. ಮಠದ ಗುರುಗಳಾದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಇಬ್ಬರ ಮಾತನ್ನೂ ಕೇಳುತ್ತಾರೆ. ಆಸ್ತಿ ಪಾಲು, ಗಂಡ ಹೆಂಡಿರ ಮುನಿಸು, ಸಾಲದ ತಕರಾರು ಇಲ್ಲಿಗೆ ಬರುತ್ತವೆ. ಗುರುಪೀಠದ ಮೇಲಿನ ಭಕ್ತಿಯೇ ಇದರ ಬಲ, ಮಿತಿಯೂ ಅದೇ. ಒಪ್ಪದವನ ಮೇಲೆ ತೀರ್ಮಾನ ಜಾರಿ ಮಾಡಲು ಕೋರ್ಟಿನ ಅಮೀನನಿಲ್ಲ.

ಇಬ್ಬರೂ ಒಪ್ಪಿ ಮಾಡಿಕೊಳ್ಳುವ ರಾಜಿಯ ಬೆಲೆಯನ್ನು ಸರ್ಕಾರವೂ ಬಲ್ಲದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ನಲ್ಲಿ ಒಪ್ಪಿದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಮಾನ್ಯತೆಯಿದೆ. ಅದರ ಮೇಲೆ ಮೇಲ್ಮನವಿಯಿಲ್ಲ. ಕೋರ್ಟಿನಲ್ಲಿದ್ದ ಪ್ರಕರಣವಾದರೆ ಕಟ್ಟಿದ ಶುಲ್ಕವೂ ವಾಪಸ್.

ಹಾಗೆಂದು ಎಲ್ಲವನ್ನೂ ಕಟ್ಟೆಯ ಮೇಲೆ ಮುಗಿಸಲಾಗದು. ಜಾತಿ ದೌರ್ಜನ್ಯ ತಡೆಗೆ 1989ರ ಕಾಯ್ದೆಯಿದೆ. ಊರವರ ರಾಜಿಯಿಂದ ಆ ಕೇಸು ಮುಗಿಯುವುದಿಲ್ಲ. ಪ್ರಾಯಕ್ಕೆ ಬಂದ ಇಬ್ಬರ ಮದುವೆಗೆ ಪಂಚಾಯಿತಿಕೆ ಅಡ್ಡಬರುವುದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂಥ ಜೋಡಿಗಳ ದೂರು ಆಲಿಸಲು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕೆಂದೂ ಸೂಚಿಸಿದೆ.