ಬೀಡಿಗೆ ಕೊಟ್ಟ ರಿಯಾಯಿತಿ ಯಾರ ಪಾಲಿಗೆ?

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ಬೀಡಿಗೆ ಹಾಕುವ ಜರ್ದಾ ಹಸನು ಮಾಡುವ ಕೆಲಸ ಬಹುಪಾಲು ಹೆಂಗಸರದು. ಒಣಗಿದ ತಂಬಾಕು ಬಡಿದು, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡಬೇಕು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡರೂ ಘಾಟು ಗಂಟಲಿಗಿಳಿಯುತ್ತದೆ. 1982ರಲ್ಲಿ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ ಈ ಹೆಂಗಸರ ಸಂಘಟನೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿತು. ಅದರ ಹಿಂದಿನ ವರ್ಷ, 1981ರ ಏಪ್ರಿಲ್‌ನಲ್ಲಿ, ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋಗಿದ್ದವು. ಧೂಮಪಾನ ತಡೆಯುವ ಮಾತು ಇಲ್ಲಿ ಹೊಟ್ಟೆಪಾಡಿನ ಮಾತೂ ಹೌದು.

ಸರ್ಕಾರಕ್ಕೂ ಇದು ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನು ಶೇ 40ರ ಪಟ್ಟಿಗೆ ಸೇರಿಸಲು ಒಪ್ಪಿದಾಗ, ಬೀಡಿಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಆದರೆ ಶ್ವಾಸಕೋಶ ಬೀಡಿಗೆ ರಿಯಾಯಿತಿ ಕೊಡುವುದಿಲ್ಲ. ಬೀಡಿಯಲ್ಲಿರುವ ತಂಬಾಕು ಸಿಗರೇಟಿನದರ ಸುಮಾರು ಕಾಲು ಭಾಗ, ನಿಜ. ಆದರೆ ಅದರ ಹೊರ ಎಲೆಯೊಳಗೆ ಗಾಳಿ ಸುಲಭವಾಗಿ ಆಡುವುದಿಲ್ಲ. ಆರದಂತೆ ನೋಡಿಕೊಳ್ಳಲು ಸೇದುವವನು ಮೇಲಿಂದ ಮೇಲೆ, ಆಳವಾಗಿ ದಮ್ಮು ಎಳೆಯಬೇಕು. ಫಿಲ್ಟರ್ ಇಲ್ಲ. ಹೀಗಾಗಿ ಟಾರು, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿನಷ್ಟೇ, ಕೆಲವೊಮ್ಮೆ ಹೆಚ್ಚೇ ಒಳಹೋಗುತ್ತವೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 7.7 ಮಂದಿ ಬೀಡಿ ಸೇದಿದರೆ, ಸಿಗರೇಟು ಸೇದುವವರು ಶೇ 4. ಬೀಡಿಯಿಂದ ಬರುವ ಕಾಯಿಲೆ ಮತ್ತು ಅಕಾಲ ಮರಣದಿಂದ ದೇಶಕ್ಕಾದ ನಷ್ಟ 2017ರಲ್ಲಿ ಸುಮಾರು 80,000 ಕೋಟಿ ರೂಪಾಯಿ ಎಂಬ ಲೆಕ್ಕವಿದೆ.

ಕಾನೂನಿನಿಂದ ಆರೋಗ್ಯ ಸುಧಾರಿಸೀತೇ? ಸ್ಕಾಟ್ಲೆಂಡ್ 2006ರ ಮಾರ್ಚ್‌ನಲ್ಲಿ ಸಾರ್ವಜನಿಕ ಒಳಾಂಗಣಗಳಲ್ಲಿ ಹೊಗೆ ನಿಷೇಧಿಸಿತು. ಮುಂದೆ ಹತ್ತು ತಿಂಗಳು ಒಂಬತ್ತು ಆಸ್ಪತ್ರೆಗಳಲ್ಲಿ ಲೆಕ್ಕ ಇಟ್ಟರು: ಹೃದಯಾಘಾತವೆಂದು ದಾಖಲಾದವರು ಶೇ 17ರಷ್ಟು ಕಡಿಮೆಯಾಗಿದ್ದರು. ಆಗಿನ್ನೂ ನಿಷೇಧವಿಲ್ಲದ ಇಂಗ್ಲೆಂಡಿನಲ್ಲಿ ಇಳಿದದ್ದು ಬರೀ ಶೇ 4. ಗಮನಿಸಬೇಕಾದ್ದು ಇನ್ನೊಂದು: ಸ್ಕಾಟ್ಲೆಂಡಿನ ಇಳಿಕೆಯ ಮೂರರಲ್ಲಿ ಎರಡು ಪಾಲು ಸೇದದವರದೇ. ಬೇರೆಯವರು ಬಿಟ್ಟ ಹೊಗೆ ಅರ್ಧ ಗಂಟೆಯಲ್ಲೇ ರಕ್ತದ ಪ್ಲೇಟ್‌ಲೆಟ್‌ಗಳನ್ನು ಅಂಟುಗಟ್ಟಿಸಬಲ್ಲದು. ಗಾಳಿ ತಿಳಿಯಾದರೆ ಲಾಭವೂ ಬೇಗ ಕಾಣುತ್ತದೆ. ನಮ್ಮಲ್ಲೂ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಹೊಗೆ ಬಿಡುವಂತಿಲ್ಲ. ಕರ್ನಾಟಕ 2025ರಲ್ಲಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಚಿಕ್ಕೋಡಿ, ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಯಾರು ವಸೂಲು ಮಾಡುತ್ತಾರೆ ಎಂದು ಮಾತ್ರ ಕೇಳಬೇಡಿ.

ಇನ್ನು ದುಡಿಮೆಯ ಪ್ರಶ್ನೆ. ಬೀಡಿ ಬಿಟ್ಟವನ ದುಡ್ಡು ಗಾಳಿಗೆ ಹೋಗುವುದಿಲ್ಲ. ಹಾಲಿಗೋ ಬಟ್ಟೆಗೋ ಹೋಗಿ ಅಲ್ಲಿ ಕೆಲಸ ಹುಟ್ಟಿಸುತ್ತದೆ. ದೇಶದ ಒಟ್ಟು ಲೆಕ್ಕದಲ್ಲಿ ಉದ್ಯೋಗ ಅಷ್ಟಾಗಿ ಕುಗ್ಗದು ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದಕ್ಕೇ. ಆದರೆ ಹೊಸ ಕೆಲಸ ಎಲ್ಲೆಲ್ಲೋ ಚದುರಿ ಹುಟ್ಟುತ್ತದೆ, ಹೋಗುವ ಕೆಲಸ ನಿಪ್ಪಾಣಿಯಂಥ ಒಂದೇ ಊರಿನಲ್ಲಿ ಹೋಗುತ್ತದೆ. ರೈತನಿಗೆ ದಾರಿ ಇದೆ. ನೀರು ಬಂದ ಹೊಲಕ್ಕೆ ಕಬ್ಬು ಬಂತು. ಚಿಕ್ಕೋಡಿ, ರಾಯಬಾಗ, ಕಾಗವಾಡದ ಉಗಾರದವರೆಗೂ ಸಕ್ಕರೆ ಕಾರ್ಖಾನೆಗಳಿವೆ. ತಂಬಾಕಿನಂತೆ ಕುಡಿ ಚಿವುಟುವ, ಎಲೆ ಒಣಗಿಸುವ ಜಂಜಾಟವಿಲ್ಲ. ಇಬ್ಬನಿ ಹಿಡಿದ ಹಸಿ ಎಲೆಯಿಂದ ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿ ಬರುವ ಭಯವೂ ಇಲ್ಲ. ಆದರೆ ಕಬ್ಬು ಬೆಳೆದ ಊರಿನಲ್ಲಿ ಜರಡಿ ಹಿಡಿಯುತ್ತಿದ್ದವಳಿಗೆ ಏನು ಕೆಲಸ? ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ, ನಮ್ಮ ವಿಜಯಪುರ ಕಡೆಯಿಂದ ಟೋಳಿಗಳೇ ಬರುತ್ತವೆ.

ಬೀಡಿಯ ತೆರಿಗೆ ಇಳಿಸಿದರೆ ಜರಡಿ ಹಿಡಿಯುವವಳ ಕೂಲಿ ಏರುತ್ತದೆ ಎಂದು ಎಲ್ಲೂ ಬರೆದಿಲ್ಲ. ಬೀಡಿ ಅಗ್ಗವಾಗುತ್ತದೆ, ಇಲ್ಲವೇ ಮಾಲೀಕನ ಲಾಭ ಏರುತ್ತದೆ. ನೇರವಾಗಿ ಕಾರ್ಮಿಕರಿಗೇ ಮುಟ್ಟುವ ದಾರಿ ಒಂದಿತ್ತು: 1976ರ ಕಾನೂನಿನಂತೆ ಬೀಡಿ ಮೇಲೆ ಹಾಕುತ್ತಿದ್ದ ಸೆಸ್. ಬೀಡಿ ಕಾರ್ಮಿಕರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಅದರಿಂದಲೇ ನಡೆಯುತ್ತಿದ್ದವು. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನು ತೆಗೆದುಹಾಕಿದರು. ಬೀಡಿಗೆ ತೆರಿಗೆ ಏರಿಸಿ, ಏರಿಸಿದ್ದರಲ್ಲಿ ಒಂದು ಪಾಲನ್ನು ವಖಾರದ ಹೆಂಗಸರನ್ನೂ ಸೇರಿಸಿ ಇದೇ ಕೆಲಸಕ್ಕೆ ಮೀಸಲಿಟ್ಟರೆ ಸೇದುವವನಿಗೂ ದುಡಿಯುವವಳಿಗೂ ಉಪಯೋಗ. ಈಗಿನ ರಿಯಾಯಿತಿ ಇಬ್ಬರಿಗೂ ಅಲ್ಲ.