ಎಂಬತ್ತು ರೂಪಾಯಿ ಸಾಲ, ನಾಲ್ಕು ಕಟ್ಟಳೆ

ನಮ್ಮ ಯಾವ ಪೇಟೆಯ ಅಂಗಡಿಗೆ ಹೋದರೂ ಗಲ್ಲಾದ ಹಿಂದೆ ಒಂದು ಬೋರ್ಡು ತೂಗುತ್ತಿರುತ್ತದೆ. ‘ಗ್ರಾಹಕರೇ ದೇವರು’ ಎಂದೋ, ‘ಇಂದು ನಗದು, ನಾಳೆ ಸಾಲ’ ಎಂದೋ. ಮೊದಲನೆಯದನ್ನು ಬರೆಸಲು ಬೋರ್ಡಿನ ಖರ್ಚು ಮಾತ್ರ. ಎರಡನೆಯದನ್ನು ಪಾಲಿಸಹೊರಟರೆ ದಿನಾ ಒಂದೆರಡು ವ್ಯಾಪಾರ ಕೈಬಿಡಬೇಕಾಗುತ್ತದೆ, ಗುರುತಿನವರ ನಿಷ್ಠುರ ಕಟ್ಟಿಕೊಳ್ಳಬೇಕಾಗುತ್ತದೆ. ಸಣ್ಣ ಉದ್ದಿಮೆಗೆ ಮೌಲ್ಯ ಎನ್ನುವುದೇನಾದರೂ ಇದ್ದರೆ ಅದು ಈ ಎರಡನೆಯ ಬಗೆಯದು. ಅಂಥ ಕೆಲವು ಕಟ್ಟಳೆಗಳನ್ನು ಶುರುವಿನಲ್ಲೇ ಹಾಕಿಕೊಂಡು, ಆರು ದಶಕ ದಾಟಿದರೂ ಬಿಡದ ಸಂಸ್ಥೆಯೊಂದರ ಹಪ್ಪಳ ನಮ್ಮ ಅಡುಗೆಮನೆಗಳಲ್ಲೂ ಇದೆ. ಅದೇ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್.

1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನ ಲೋಹಾಣಾ ನಿವಾಸದ ತಾರಸಿಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ಹಪ್ಪಳ ಲಟ್ಟಿಸಲು ಕುಳಿತರು. ಬಂಡವಾಳವೆಂದರೆ ಸಮಾಜಸೇವಕ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಕೊಟ್ಟ 80 ರೂಪಾಯಿ ಸಾಲ. ಅಂದು ತಯಾರಾದ ನಾಲ್ಕು ಪೊಟ್ಟಣಗಳನ್ನು ಭುಲೇಶ್ವರದ ವ್ಯಾಪಾರಿಯೊಬ್ಬರಿಗೆ ಮಾರಿದರು. ಬಿಸಿಲನ್ನೇ ನಂಬಿದ ಕಸುಬು. ಮೊದಲ ವರ್ಷ ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಂತೇಹೋಯಿತು. ಮರುವರ್ಷ ಒಂದು ಮಂಚ, ಒಂದು ಸ್ಟವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ ಕೆಳಗೆ ಸ್ಟವ್ ಹಚ್ಚಿಟ್ಟರು. ಮಳೆಯಲ್ಲೂ ಹಪ್ಪಳ ಒಣಗಿತು.

ಮೊದಲ ಕಟ್ಟಳೆ: ನಷ್ಟವಾದರೂ ಸರಿ, ಯಾರಿಂದಲೂ ದಾನ ಪಡೆಯುವುದಿಲ್ಲ. ಬಡ ಹೆಂಗಸರ ಕೆಲಸವೆಂದು ಕನಿಕರದಿಂದ ಯಾರೂ ಹಪ್ಪಳ ಕೊಳ್ಳಬಾರದು, ರುಚಿಗಾಗಿ ಕೊಳ್ಳಬೇಕು ಎಂಬ ಹಟ ಇದರ ಹಿಂದಿದೆ. 1966ರಲ್ಲಿ ಸಂಸ್ಥೆ ನೋಂದಣಿಯಾಗಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆ ಸಿಕ್ಕಿತು. ದುಡಿಯುವ ಬಂಡವಾಳವೂ ತೆರಿಗೆ ವಿನಾಯಿತಿಯೂ ಬಂದವು. ಅದು ಗ್ರಾಮೋದ್ಯೋಗವೆಂದು ದೊರೆತ ಸವಲತ್ತು. ದಾನ ಬೇಡವೆಂಬ ಮಾತಿಗೆ ಅದರಿಂದ ಚ್ಯುತಿ ಬರಲಿಲ್ಲ.

ಎರಡನೆಯದು ಮಾಲಿನ ವಿಚಾರ. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು; ಕಳಪೆಯದಕ್ಕೆ ಕಡಿಮೆ ಬೆಲೆ. ಪಾರೇಖರು ಇದನ್ನು ಒಪ್ಪಲಿಲ್ಲ. ಮಾಡಿದರೆ ಒಂದೇ ದರ್ಜೆಯದನ್ನು ಮಾಡಿ, ಗುಣಮಟ್ಟದಲ್ಲಿ ರಾಜಿ ಬೇಡ, ಲೆಕ್ಕಪತ್ರ ಚೊಕ್ಕಟವಾಗಿರಲಿ ಎಂದರು. ಇಂದಿಗೂ ಎಲ್ಲ ಶಾಖೆಗಳ ಕಚ್ಚಾ ಸಾಮಾನಿನ ಖರೀದಿ ಒಟ್ಟಿಗೇ ನಡೆಯುತ್ತದೆ: ಉದ್ದು ಮ್ಯಾನ್ಮಾರ್‌ನಿಂದ, ಇಂಗು ಅಫ್ಗಾನಿಸ್ತಾನದಿಂದ, ಮೆಣಸು ಕೇರಳದಿಂದ. ಬೆಳಗ್ಗೆ ಶಾಖೆಯಲ್ಲಿ ಹಿಟ್ಟು ನಾದಿ ಸಿದ್ಧವಾಗಿರುತ್ತದೆ. ಸದಸ್ಯೆಯರು ಅದನ್ನು ತೂಕ ಮಾಡಿಸಿಕೊಂಡು ಮನೆಗೆ ಒಯ್ಯುತ್ತಾರೆ. ಮನೆಗೆಲಸದ ನಡುವೆ ಉಂಡೆ ಕಟ್ಟಿ, ಲಟ್ಟಿಸಿ, ಒಣಗಿಸಿ ಮರುದಿನ ತಂದೊಪ್ಪಿಸುತ್ತಾರೆ. ಅಳತೆ, ತೆಳುವು, ತೇವ ನೋಡಿಯೇ ಹಪ್ಪಳ ಒಳಕ್ಕೆ. ಅಂದಿನ ಮಜೂರಿ ಅಂದೇ ಕೈಗೆ. ಲಟ್ಟಿಸುವುದು ಕೈಗೆ ಹತ್ತದವರಿಗೆ ಹಿಟ್ಟು ನಾದುವ, ಪೊಟ್ಟಣ ಕಟ್ಟುವ ಕೆಲಸವಿದೆ. ಹೀಗಾಗಿ ಗುಣಮಟ್ಟದ ಕಟ್ಟುನಿಟ್ಟು ಯಾರ ಅನ್ನವನ್ನೂ ಕಿತ್ತುಕೊಳ್ಳುವುದಿಲ್ಲ.

ಮೂರನೆಯದು, ದುಡಿಯುವವಳೇ ಒಡತಿ. ಸೇರುವಾಗ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ ಪ್ರತಿ ಹೆಂಗಸೂ ಸಂಸ್ಥೆಯ ಪಾಲುದಾರಳು. ಜಾತಿ, ಧರ್ಮದ ಪ್ರಶ್ನೆಯಿಲ್ಲ. ಲಾಭ ಬಂದರೆ ಹಂಚಿಕೆ, ನಷ್ಟ ಬಂದರೂ ಹಂಚಿಕೆ. ಗಂಡಸರು ಚಾಲಕರಾಗಿಯೋ ಲೆಕ್ಕಿಗರಾಗಿಯೋ ಸಂಬಳಕ್ಕೆ ಇರಬಹುದು, ಸದಸ್ಯರಾಗುವಂತಿಲ್ಲ. 21 ಮಂದಿಯ ಆಡಳಿತ ಸಮಿತಿಗೆ ಬರುವವರೂ ಸದಸ್ಯೆಯರೇ. ನಷ್ಟದಲ್ಲೂ ಪಾಲಿದೆಯೆಂದಾಗ, ಒದ್ದೆ ಹಪ್ಪಳವನ್ನು ಪೊಟ್ಟಣಕ್ಕೆ ಸೇರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಮೇಲ್ವಿಚಾರಕಿಯ ಅರ್ಧ ಕೆಲಸವನ್ನು ಈ ನಿಯಮವೇ ಮಾಡಿಬಿಡುತ್ತದೆ.

ನಾಲ್ಕನೆಯದು ನಮ್ಮ ಅಂಗಡಿಯ ಬೋರ್ಡಿನದೇ: ವಿತರಕರು ಮಾಲು ಎತ್ತುವಾಗಲೇ ಹಣ ಕೊಡಬೇಕು. ಅದು ಬಂದರೆ ತಾನೇ ದಿನದ ಮಜೂರಿ ದಿನವೇ ಕೊಡುವುದು? ದಿನದ ಮಜೂರಿಯ ಪದ್ಧತಿ ನಿಂತಿರುವುದು ಈ ನಾಲ್ಕನೆಯ ಕಟ್ಟಳೆಯ ಮೇಲೆ. ಒಂದನ್ನು ಸಡಿಲಿಸಿದರೆ ಇನ್ನೊಂದೂ ಕುಸಿಯುತ್ತದೆ.

ಇಂದು ಸಂಸ್ಥೆಯಲ್ಲಿ ಸುಮಾರು 45 ಸಾವಿರ ಮಹಿಳೆಯರಿದ್ದಾರೆ. ದೇಶದ ಹಲವೆಡೆ ಶಾಖೆಗಳಿವೆ, ಹಪ್ಪಳ ವಿದೇಶಗಳಿಗೂ ಹೋಗುತ್ತದೆ. ಏಳು ಸ್ಥಾಪಕಿಯರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ದೊಡ್ಡ ಕಂಪನಿಗಳು ತಜ್ಞರನ್ನು ಕರೆಸಿ, ಹೋಟೆಲಿನಲ್ಲಿ ಕಾರ್ಯಾಗಾರ ನಡೆಸಿ ಪಟ್ಟಿ ಮಾಡುವ ‘ಪ್ರಾಮಾಣಿಕತೆ, ಶ್ರೇಷ್ಠತೆ, ಗ್ರಾಹಕನಿಷ್ಠೆ’ಗಳು ಲಿಜ್ಜತ್‌ನ ಈ ನಾಲ್ಕರಲ್ಲೇ ಅಡಗಿವೆ. ವ್ಯತ್ಯಾಸವಿಷ್ಟೇ, ಇಲ್ಲಿ ಪ್ರತಿಯೊಂದೂ ಹಣದ ಬಗ್ಗೆ ಖಚಿತವಾಗಿ ಏನನ್ನೋ ಹೇಳುತ್ತದೆ. ಯಾರ ಹಣ ಬೇಡ, ಯಾವ ಮಾಲು ಮಾರುವುದಿಲ್ಲ, ನಷ್ಟ ಯಾರ ಪಾಲು, ಉದ್ರಿ ಯಾರಿಗೆ. ಹಿಟ್ಟಿನ ಗಿರಣಿಯೋ ಹೊಲಿಗೆ ಘಟಕವೋ ಚಕ್ಕುಲಿ ಕೋಡುಬಳೆಯ ಮನೆ ಉದ್ದಿಮೆಯೋ, ಶುರುಮಾಡುವವರು ಈ ನಾಲ್ಕು ಪ್ರಶ್ನೆಗಳಿಗೆ ಕಿರ್ದಿ ಪುಸ್ತಕದ ಮೊದಲ ಪುಟದಲ್ಲಿ ಉತ್ತರ ಬರೆದಿಡಲಿ. ಬಂಡವಾಳ ಎಂಬತ್ತು ರೂಪಾಯಿ ಇರುವಾಗಲೇ ಬರೆಯಲಿ. ವ್ಯಾಪಾರ ಕೋಟಿಗೆ ಏರಿದ ಮೇಲೆ ಬರೆಯಲು ಕುಳಿತರೆ ಪ್ರತಿ ಉತ್ತರವೂ ದುಬಾರಿಯೆನಿಸುತ್ತದೆ.