ಕಾಸರಕದ ಬೀಜದ ವಿಷವೂ ಅದರ ಶೋಧನೆಯೂ

ಕರಾವಳಿಯ ಮತ್ತು ಮಲೆನಾಡಿನ ಅಂಚಿನ ಕಾಡುಗಳಲ್ಲಿ ಬೆಳೆಯುವ ಕಾಸರಕದ ಮರವನ್ನು ರೈತರು ಬಲ್ಲರು. ಕೆಲವೆಡೆ ಹೆಮ್ಮುಷ್ಟಿಯೆಂದೂ ಸಂಸ್ಕೃತದಲ್ಲಿ ವಿಷಮುಷ್ಟಿ, ಕುಪೀಲು ಎಂದೂ ಇದಕ್ಕೆ ಹೆಸರುಂಟು. ಇದರ ಕಿತ್ತಳೆಬಣ್ಣದ ಹಣ್ಣಿನೊಳಗೆ ಗುಂಡಿಯಂತೆ ಚಪ್ಪಟೆಯಾದ ಬೂದುಬಣ್ಣದ ಬೀಜಗಳಿರುತ್ತವೆ. ಆಯುರ್ವೇದವು ವಾತರೋಗಗಳಲ್ಲಿ ಇವುಗಳನ್ನು ಬಹುಕಾಲದಿಂದ ಬಳಸುತ್ತ ಬಂದಿದೆ. ಆದರೆ ಶೋಧಿಸದೆ ಕೊಡಕೂಡದೆಂಬುದು ಆ ಶಾಸ್ತ್ರದ ಕಟ್ಟಳೆ.

ಬೀಜದ ಕಹಿಗೂ ವಿಷಕ್ಕೂ ಕಾರಣವಾದವು ಕ್ಷಾರಾಭಗಳೆಂಬ, ಸಾರಜನಕವನ್ನೊಳಗೊಂಡ ವಸ್ತುಗಳು. ಇವು ಬೀಜದಲ್ಲಿ ಸಾಮಾನ್ಯವಾಗಿ ನೂರಕ್ಕೆ 2ರಿಂದ 3 ಪಾಲಿನಷ್ಟಿರುತ್ತವೆ. ಮುಖ್ಯವಾದವು ಸ್ಟ್ರಿಕ್ನೀನ್ ಮತ್ತು ಬ್ರೂಸೀನ್. ಸ್ಟ್ರಿಕ್ನೀನನ್ನು ಫ್ರಾನ್ಸಿನ ರಸಾಯನಜ್ಞರಾದ ಪೆಲ್ತಿಯೇ ಮತ್ತು ಕವಾಂತೂ ಎಂಬವರು 1818ರಲ್ಲಿ ಇದೇ ಕುಲದ ಮತ್ತೊಂದು ಬೀಜದಿಂದ ಬೇರ್ಪಡಿಸಿದರು. ಬೆನ್ನುಹುರಿಯಲ್ಲಿ ಸ್ನಾಯುಗಳ ಸೆಳೆತವನ್ನು ಹತೋಟಿಯಲ್ಲಿಡುವ ಗ್ಲೈಸೀನಿನ ಕೆಲಸವನ್ನು ಇದು ತಡೆಯುತ್ತದೆ. ಆಗ ಅಲ್ಪ ಶಬ್ದಸ್ಪರ್ಶಗಳಿಂದಲೂ ಮೈ ಬಿಲ್ಲಿನಂತೆ ಸೆಟೆದು, ಉಸಿರುಕಟ್ಟಿ ಮರಣವುಂಟಾಗಬಹುದು.

ಬೀಜವನ್ನು ಇಡಿಯಾಗಿ ನುಂಗಿದವರಿಗೆ ಏನೂ ಆಗದಿರುವುದು ಒಮ್ಮೊಮ್ಮೆ ಉಂಟು. ಗಟ್ಟಿಯಾದ ಬೀಜವು ಅರಗದೆ ಹೊರಬೀಳುವುದೇ ಇದಕ್ಕೆ ಕಾರಣ. ಇದರಿಂದ ಬೀಜವು ನಿರುಪದ್ರವಿಯೆಂದು ಬಗೆದು ಪುಡಿಮಾಡಿ ಸೇವಿಸುವುದು ಪ್ರಾಣಾಂತಿಕವಾದ ತಪ್ಪು.

ಶೋಧನೆಯ ಒಂದು ಕ್ರಮದಲ್ಲಿ ಬೀಜಗಳನ್ನು ಏಳು ದಿನ ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಮೊಳಕೆಯನ್ನೂ ತೆಗೆದು ತುಪ್ಪದಲ್ಲಿ ಹುರಿಯುವರು. ನೆನೆಯುವಾಗಲೂ ಬೇಯುವಾಗಲೂ ಕ್ಷಾರಾಭಗಳ ಒಂದಂಶವು ದ್ರವಕ್ಕೆ ಇಳಿಯುತ್ತದೆ. ಕಾವಿನಿಂದ ಮತ್ತೊಂದಂಶವು ಐಸೋಸ್ಟ್ರಿಕ್ನೀನ್ ಮೊದಲಾದ, ವಿಷ ಕಡಮೆಯಾದ ರೂಪಗಳಿಗೆ ಮಾರ್ಪಡುತ್ತದೆ. ಹೀಗೆ ವಿಷವು ತಗ್ಗುವುದೇ ಹೊರತು ಪೂರ್ಣವಾಗಿ ಅಳಿಯುವುದಿಲ್ಲ. ಎಷ್ಟು ಉಳಿಯಿತೆಂಬುದನ್ನು ಪ್ರಯೋಗಶಾಲೆಯಲ್ಲಲ್ಲದೆ ಬಣ್ಣದಿಂದಾಗಲಿ ರುಚಿಯಿಂದಾಗಲಿ ಅಳೆಯಲಾಗದು. ಭಾರತದ 1945ರ ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ ಕುಪೀಲುವೂ ಸೇರಿರುವುದು ಇಂತಹ ಅಪಾಯದ ದೆಸೆಯಿಂದಲೇ.

ಬೀಜದಿಂದ ಇಳಿದ ವಿಷವು ನೆನೆಸಿದ ಮೂತ್ರದಲ್ಲಿಯೂ ಬೇಯಿಸಿದ ಹಾಲಿನಲ್ಲಿಯೂ ಇರುವುದರಿಂದ ಅವುಗಳನ್ನು ಕಲಗಚ್ಚಿಗೆ ಬೆರೆಸಬಾರದು, ನಾಯಿಬೆಕ್ಕುಗಳಿಗೂ ಹಾಕಬಾರದು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಕಾಸರಕದ ಬೀಜವನ್ನು ಮನೆಮದ್ದಾಗಿ ಬಳಸದಂತೆ ಜನರಿಗೆ ತಿಳಿಯಹೇಳತಕ್ಕದ್ದು. ಸಂಗ್ರಹಿಸಿದ ಬೀಜಗಳನ್ನು ಬಿತ್ತನೆಯ ಕಾಳುಗಳಿಂದ ದೂರವಾಗಿ, ಮಕ್ಕಳ ಕೈಗೆಟುಕದಂತೆ ಬೀಗದಲ್ಲಿರಿಸಬೇಕು. ಯಾರಾದರೂ ತಿಂದುದು ತಿಳಿದರೆ ವಾಂತಿ ಮಾಡಿಸಲು ಹೋಗದೆ, ಗದ್ದಲವಿಲ್ಲದಂತೆ ನೋಡಿಕೊಂಡು, ಸೆಳೆತ ಬರುವವರೆಗೆ ಕಾಯದೆ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ತಿಂದ ಬೀಜದ ಮಾದರಿಯನ್ನು ಜೊತೆಗೊಯ್ದರೆ ವೈದ್ಯರಿಗೆ ಬಹಳ ಅನುಕೂಲವಾಗುವುದು.